‘ಎಪಿಯೂಸಿಯೋಸ್’: ಕರ್ತನ ಪ್ರಾರ್ಥನೆಯ ಒಂದು ಪದದ ಅರ್ಥವಿಚಾರ

ಕನ್ನಡ ಬೈಬಲಿನ ಕರ್ತನ ಪ್ರಾರ್ಥನೆಯಲ್ಲಿ ಬರುವ ‘ಅನುದಿನದ ಆಹಾರ’ದ ಹಿಂದೆ ‘ಎಪಿಯೂಸಿಯೋಸ್’ ಎಂಬ ಗ್ರೀಕ್ ವಿಶೇಷಣವಿದೆ. ಹೊಸ ಒಡಂಬಡಿಕೆಯಲ್ಲಿ ಅದು ಇರುವುದು ಎರಡೇ ಕಡೆ: ಮತ್ತಾಯ 6:11, ಲೂಕ 11:3. ಈ ಪದ ವಿದ್ವಾಂಸರ ಬರಹದಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತಾಕಾರರೇ ರೂಪಿಸಿದಂತಿದೆ ಎಂದು 3ನೆಯ ಶತಮಾನದಲ್ಲೇ ಓರಿಗೆನ್ ಬರೆದ. ‘ಅನುದಿನ’ ಎಂಬುದು ತಪ್ಪಲ್ಲ. ಆದರೆ ಮೂಲಾರ್ಥ ‘ಬರುವ ದಿನದ’ ಎಂಬುದು ಈ ಲೇಖನದ ವಾದ.

ಈಜಿಪ್ಟಿನ ಹವಾರಾದಲ್ಲಿ ದೊರೆತ ಪಪೈರಸ್ ಲೆಕ್ಕಪಟ್ಟಿಯೊಂದರಲ್ಲಿ ಎ. ಎಚ್. ಸೇಸ್ ಈ ಪದವನ್ನು ಓದಿದ್ದರು. ಅವರ ಪಾಠ 1889ರಲ್ಲಿ ಅಚ್ಚಾಯಿತು. ಕಣ್ಮರೆಯಾಗಿದ್ದ ಆ ಪಪೈರಸ್ 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಅಲ್ಲಿದ್ದದ್ದು ‘ಎಲೈಯೂ’, ಅಂದರೆ ‘ಎಣ್ಣೆಯ’. ಹೀಗೆ ಹೊರಗಿನ ಆ ಸಾಕ್ಷ್ಯ ಬಿದ್ದುಹೋಯಿತು. ಉಳಿದದ್ದು ವ್ಯಾಕರಣ ಮತ್ತು ಸಂದರ್ಭ.

ಮುಖ್ಯ ವ್ಯುತ್ಪತ್ತಿಗಳು ಎರಡು. ‘ಎಪಿ’ ಮತ್ತು ‘ಊಸಿಯಾ’ (ಇರವು, ಸತ್ತ್ವ) ಸೇರಿದರೆ ‘ಬಾಳಿಗೆ ಬೇಕಾದಷ್ಟು’ ಎಂಬ ಅರ್ಥ ಬರುತ್ತದೆ. ಜೆರೋಮ್ ಮತ್ತಾಯನ ಲ್ಯಾಟಿನ್ ಪಾಠದಲ್ಲಿ ಇದೇ ಜಾಡು ಹಿಡಿದು ‘ಸತ್ತ್ವಾತೀತ’ ಎಂಬರ್ಥದ ಪದ ಬಳಸಿದ. ಲೂಕನಲ್ಲಿ ಮಾತ್ರ ‘ದಿನನಿತ್ಯದ’ ಎಂದೇ ಉಳಿಸಿದ. ಆದರೆ ಕನ್ನಡದ ಲೋಪಸಂಧಿಯಲ್ಲಿ ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಂತೆ, ಗ್ರೀಕಿನಲ್ಲೂ ಸ್ವರದ ಮುಂದೆ ‘ಎಪಿ’ಯ ಇಕಾರ ಸಾಮಾನ್ಯವಾಗಿ ಲೋಪವಾಗುತ್ತದೆ. ಆಗ ‘ಎಪೂಸಿಯೋಸ್’ ಆಗಬೇಕಿತ್ತು. ಅಪವಾದಗಳಿದ್ದರೂ ಈ ಆಕ್ಷೇಪ ಹಗುರವಲ್ಲ.

ಎರಡನೆಯದು ‘ಎಪಿಯೂಸಾ’, ಅಂದರೆ ‘ಬರುವ ದಿನ’. ಇಲ್ಲಿ ಇಕಾರ ಧಾತುವಿನದೇ ಆದ್ದರಿಂದ ಸಂಧಿಯ ತೊಡಕಿಲ್ಲ. ಬಳಕೆಗೂ ಆಧಾರವಿದೆ: ಪೌಲನು ತ್ರೋವದಿಂದ ಸಮೊಥ್ರಾಕೆಗೆ ಬಂದು ಮರುದಿನ ನೆಯಾಪೊಲಿ ಸೇರಿದಾಗ (ಅ. ಕೃ. 16:11) ‘ಮರುದಿನ’ಕ್ಕಿರುವುದು ಇದೇ ಪದ. ಇಬ್ರಿಯರ ಸುವಾರ್ತೆಯಲ್ಲಿ ಈ ಜಾಗದಲ್ಲಿ ‘ನಾಳೆ’ ಎಂಬರ್ಥದ ಪದ ಕಂಡೆನೆಂದು ಜೆರೋಮನೇ ದಾಖಲಿಸಿದ್ದಾನೆ. ಲೂಕನ ವಾಕ್ಯದಲ್ಲಂತೂ ‘ದಿನದಿನವೂ’ ಎಂಬ ಮಾತು ಬೇರೆಯಾಗಿಯೇ ಇದೆ. ಎಪಿಯೂಸಿಯೋಸ್‌ಗೂ ‘ಅನುದಿನ’ವೆಂದರೆ ಪುನರುಕ್ತಿ.

ನಾಳೆಯ ಚಿಂತೆ ಬೇಡವೆಂಬ ಮತ್ತಾಯ 6:34ಕ್ಕೆ ಇದು ವಿರುದ್ಧವಲ್ಲವೇ? ದಿನಗೂಲಿಯವನ ಮನೆಯಿಂದ ನೋಡಿದರೆ ಉತ್ತರ ಸಿಗುತ್ತದೆ. ಮತ್ತಾಯ 20ರ ದ್ರಾಕ್ಷೀತೋಟದಲ್ಲಿ ಆಳುಗಳಿಗೆ ಸಂಜೆಯೇ ಕೂಲಿ ಕೊಡುತ್ತಾರೆ. ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19:13 ವಿಧಿಸುತ್ತದೆ. ಸಂಜೆಯ ಕೂಲಿ ಕೈಸೇರಿದರೆ ಮರುದಿನದ ರೊಟ್ಟಿಗೆ ದಾರಿಯಾಯಿತು, ರಾತ್ರಿ ನಿದ್ದೆಯೂ ಬಂತು. ಬೇಡುವುದು ಕೂಡಿಡುವುದಕ್ಕಲ್ಲ, ಚಿಂತೆ ಕಳೆಯುವುದಕ್ಕೆ.

ಆದ್ದರಿಂದ ‘ಬರುವ ದಿನದ ಆಹಾರವನ್ನು ಇಂದೇ ಕೊಡು’ ಎಂಬುದೇ ವ್ಯಾಕರಣಕ್ಕೂ ಸಂದರ್ಭಕ್ಕೂ ಹೆಚ್ಚು ಒಪ್ಪುವ ಅರ್ಥ. ಕನ್ನಡ ಬೈಬಲಿನ ಮುಂದಿನ ಪರಿಷ್ಕರಣೆಗಳು ಕನಿಷ್ಠ ಅಡಿಟಿಪ್ಪಣಿಯಲ್ಲಾದರೂ ಇದಕ್ಕೆ ಜಾಗ ಕೊಡಬೇಕು.