ಜರ್ಮನ್ ಬೋಗುಣಿಯ ದಾಯಾದಿ

ರಾಯಚೂರು ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ಸೋದರಮಾವನ ಹಿತ್ತಲಲ್ಲಿ ಒಂದು ಅಲ್ಯೂಮಿನಿಯಂ ದೋಣಿ ವರ್ಷಗಟ್ಟಲೆ ಬೋರಲು ಬಿದ್ದಿತ್ತು. ಯಾವುದೋ ಹರಾಜಿನಲ್ಲಿ ಕೊಂಡದ್ದು. ಅದರ ಕೆಳಗೆ ಕುಳ್ಳು ಒಟ್ಟುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ನಡುಗಡ್ಡೆಯ ಊರುಗಳಿಗೆ ದಾರಿಯೇ ಇಲ್ಲದಂತಾದ ಮೇಲೆ ಮಾವನಿಗೆ ಅದು ಮತ್ತೆ ದೋಣಿಯಾಗಿ ಕಾಣತೊಡಗಿತು. ರಿಪೇರಿಗೆ ಕೂತದ್ದು ಮಾತ್ರ ಎರಡು ವರ್ಷದ ನಂತರ, ನನಗೆ ರಜೆ ಸಿಕ್ಕಾಗ.

ದೋಣಿಯನ್ನು ಎರಡು ದಿಮ್ಮಿಗಳ ಮೇಲೆ ನಿಲ್ಲಿಸಿ ಒಳಗೆ ನೀರು ತುಂಬಿದೆವು. ಹೊರಗೆ ಹನಿ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು. ಬಹುತೇಕ ಗುರುತುಗಳು ಹಿಂದೆ ಯಾರೋ ಬಿಗಿದಿದ್ದ ಕಬ್ಬಿಣದ ಬೋಲ್ಟುಗಳ ಸುತ್ತಲೇ ಬಿದ್ದವು. ಅಲ್ಲೆಲ್ಲ ಬಿಳಿ ಪುಡಿ, ತಗಡು ಹಪ್ಪಳದಷ್ಟು ತೆಳು. ಒದ್ದೆಯಲ್ಲಿ ಕಬ್ಬಿಣ ತಾಗಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಗಟ್ಟಿ ಅಲ್ಯೂಮಿನಿಯಂ ರಿವೆಟ್ಟೇ ಬೇಕಿತ್ತು. ನಾನು ಕೇಳಿದ ಅಂಗಡಿಗಳಲ್ಲಿ ಇದ್ದದ್ದು ನಡುವೆ ತೂತಿರುವ ಪಾಪ್ ರಿವೆಟ್.

ಅದು ಸಿಕ್ಕಿದ್ದು ಹೈದರಾಬಾದಿನಲ್ಲಿ, ಸುಲ್ತಾನ್ ಬಜಾರಿನ ಗಲ್ಲಿಯೊಂದರಲ್ಲಿ. ದೇಗ್ಚಿಗಳಿಗೆ ಹಿಡಿ ಕೂಡಿಸುತ್ತ ಕೂತಿದ್ದ ಮುದುಕರೊಬ್ಬರು ದೋಣಿಯ ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ "ಲೋಹಾ ನಕ್ಕೋ ಲಗಾವ್ ಮಿಯಾ, ಖಾ ಲೇತಾ" ಎಂದು ಒಂದು ಹಿಡಿ ರಿವೆಟ್ ತೂಗಿಕೊಟ್ಟರು. ತಲೆಯ ಕಡೆ ಭಾರದ ಕಬ್ಬಿಣ ಒತ್ತಿ ಹಿಡಿದು ಈಚೆಯಿಂದ ಸಣ್ಣ ಸಣ್ಣ ಪೆಟ್ಟು ಹಾಕುವುದನ್ನೂ ತೋರಿಸಿದರು.

ಪಾತ್ರೆಯ ರಿವೆಟ್ ದೋಣಿಗೆ ಒಗ್ಗುವುದು ವಿಚಿತ್ರವೇನಲ್ಲ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಹೆರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಈ ಲೋಹ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಅದು ಅಗ್ಗವಾಯಿತು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದರಿಂದ ಪಾತ್ರೆ ಮಾಡಿಸತೊಡಗಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡೆಸಿದವರೂ ಇವರೇ. ನಮ್ಮ ಕಡೆ ಅಜ್ಜಿಯರು 'ಜರ್ಮನ್ ಬೋಗುಣಿ' ಎನ್ನುವುದು ಇದೇ ಲೋಹದ ಪಾತ್ರೆಗೆ. ಎರಡನೇ ಮಹಾಯುದ್ಧ ಮುಗಿಯುತ್ತಲೇ ಅಮೆರಿಕದ ಗ್ರಮ್ಮನ್ ಯುದ್ಧವಿಮಾನ ಕಂಪನಿ ಅಲ್ಯೂಮಿನಿಯಂ ದೋಣಿಗಳನ್ನು ಮಾಡಲು ಹೊರಟಿತು. ತಗಡು, ರಿವೆಟ್ಟಿನ ಕೆಲಸ ಅದಕ್ಕೆ ಹೊಸದೇನೂ ಆಗಿರಲಿಲ್ಲ.

ರಿವೆಟ್ ಜೇಬಿಗೆ ಹಾಕಿಕೊಂಡು ಮೂಸಿಯ ಕಡೆಗೆ ನಡೆದೆ. 1933ರಲ್ಲಿ ನಿಜಾಮರಿಗೆ ಮರಳುವವರೆಗೆ ಈ ಪೇಟೆ ರೆಸಿಡೆನ್ಸಿ ಬಜಾರ್. ನಿಜಾಮರ ಊರೊಳಗೇ ಬ್ರಿಟಿಷರ ಅಧಿಕಾರ. ಆಗ ನಮ್ಮ ರಾಯಚೂರೂ ನಿಜಾಮರದ್ದೇ. ಇಲ್ಲಿಂದ ಸ್ವಲ್ಪ ದೂರದ ಅಫ್ಜಲ್‌ಗಂಜ್‌ನಲ್ಲಿ, 1908ರ ಸೆಪ್ಟೆಂಬರ್ 28ರ ಪ್ರವಾಹದ ದಿನ, ಹುಣಸೆಮರ ಹತ್ತಿದ ಸುಮಾರು ನೂರೈವತ್ತು ಜನ ಉಳಿದುಕೊಂಡರು. ಸಾವಿರಾರು ಜನ ಕೊಚ್ಚಿಹೋದರು. ಆಮೇಲೆ ವಿಶ್ವೇಶ್ವರಯ್ಯನವರನ್ನು ಕರೆಸಿದರು, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದರು. ಆದರೆ ಆ ದಿನದ ಮಟ್ಟಿಗೆ ಆ ಮರವೇ ದೋಣಿ. ಮರದ ಕೆಳಗೆ ನಿಂತಾಗ ಮಾವನ ಆತುರ ನನಗೆ ಅರ್ಥವಾಯಿತು.

ಊರಿಗೆ ಹೋಗಿ ಬೋಲ್ಟುಗಳನ್ನೆಲ್ಲ ಕಿತ್ತೆವು. ತೆಳುವಾದಲ್ಲಿ ತಗಡಿನ ತೇಪೆ, ನಡುವೆ ಸೀಲೆಂಟ್, ಮೇಲೆ ರಿವೆಟ್. ಮೊದಲ ನಾಲ್ಕು ಸೊಟ್ಟಗಾದವು. ಕೊರೆದು ತೆಗೆದು ಮತ್ತೆ ಹಾಕಿದೆ. ಹರಿಗೋಲಿನ ಅಜ್ಜ ದಂಡೆಯ ಮೇಲೆ ಕೂತು ನೋಡುತ್ತಿದ್ದ. ಅವನ ಹರಿಗೋಲು ಸೋರಿದರೆ ಡಾಂಬರು ಬಳಿದು ಮರುದಿನವೇ ಇಳಿಸುತ್ತಾನೆ, ಹೈದರಾಬಾದಿಗೆ ಹೋಗಬೇಕಿಲ್ಲ.

"ಮಂದಿನ್ನ ಕೂಡಿಸಬಹುದೇನಪಾ ಇದರಾಗ?" ಎಂದು ಮಾವ ಕೇಳಿದರು. ನಾನು ಹೂಂ ಅನ್ನಲಿಲ್ಲ. ಚಳಿಗಾಲದ ತಿಳಿನೀರಿನಲ್ಲಿ ಮೊದಲು ಮರಳಿನ ಚೀಲಗಳನ್ನು ತುಂಬಿ ಇಳಿಸಿದೆವು. ಅಜ್ಜ ಹರಿಗೋಲಿನಲ್ಲಿ ಹಗ್ಗ ಹಿಡಿದು ಪಕ್ಕದಲ್ಲೇ ಬಂದ. ಆಮೇಲೆ ನಾವಿಬ್ಬರು ಹತ್ತಿದೆವು. ಹಿಂಭಾಗದ ಒಂದು ಬೆಸುಗೆಯಲ್ಲಿ ಇನ್ನೂ ಹನಿ ಜಿನುಗುತ್ತದೆ. ನೀರು ಎತ್ತಿ ಚೆಲ್ಲಲು ಮಾವ ಅಜ್ಜಿಯ ಜರ್ಮನ್ ಬೋಗುಣಿಯನ್ನು ದೋಣಿಯಲ್ಲೇ ಇಟ್ಟಿದ್ದಾರೆ.