ಒಂದು ತಂಡದ ವಂಶಾವಳಿ

2025ರ ಜೂನ್ 22ರಂದು ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಎನ್‌ಬಿಎ ಬ್ಯಾಸ್ಕೆಟ್‌ಬಾಲಿನ ಆ ವರ್ಷದ ಕಟ್ಟಕಡೆಯ ಪಂದ್ಯ ನಡೆಯಿತು. ಆತಿಥೇಯ ಓಕ್ಲಹೋಮ ಸಿಟಿ ಥಂಡರ್ ತಂಡವು ಇಂಡಿಯಾನಾ ಪೇಸರ್ಸ್ ತಂಡವನ್ನು 103–91 ಅಂಕಗಳಿಂದ ಸೋಲಿಸಿ, ಏಳು ಪಂದ್ಯಗಳ ಅಂತಿಮ ಸರಣಿಯನ್ನು 4–3ರಿಂದ ತನ್ನದಾಗಿಸಿಕೊಂಡಿತು. ಮೂರು ವರ್ಷಗಳ ಹಿಂದೆ ಇದೇ ತಂಡ 82 ಪಂದ್ಯಗಳಲ್ಲಿ 24ನ್ನು ಮಾತ್ರ ಗೆದ್ದಿತ್ತು. 2024–25ರಲ್ಲಿ ಗೆದ್ದದ್ದು 68.

ಮೇಷ್ಟ್ರು ಇದ್ದಕ್ಕಿದ್ದಂತೆ ಬ್ಯಾಸ್ಕೆಟ್‌ಬಾಲಿಗೆ ಇಳಿದರೇಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಡಲ್ಲಾಸಿನಲ್ಲಿರುವ ನನ್ನ ಅಕ್ಕನ ಮಗ ಹಚ್ಚಿದ ಗೀಳು ಇದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟವಲ್ಲ, ಆಟದ ಹಿಂದಿರುವ ವಂಶಾವಳಿ. ವಿಜಯನಗರದ ನಾಲ್ಕು ವಂಶಗಳನ್ನು ಕಪ್ಪುಹಲಗೆಯ ಮೇಲೆ ಕೊಂಬೆ ಕೊಂಬೆಯಾಗಿ ಬರೆಸಿ ನಿಮ್ಮನ್ನು ಗೋಳಾಡಿಸಿದವನು ನಾನು. ಆ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಈ ತಂಡ ಯಾರಿಂದ ಯಾರನ್ನು ಪಡೆಯಿತು, ಅವರನ್ನು ಕೊಟ್ಟು ಮತ್ತಾರನ್ನು ತಂದಿತು ಎಂದು ಹಿಂದಕ್ಕೆ ಗೆರೆ ಎಳೆಯುತ್ತ ಹೋದರೆ, ಅದು ಹದಿನೆಂಟು ವರ್ಷ ಹಿಂದಿನ ಬೇರೊಂದು ಊರಿಗೆ ಹೋಗಿ ಮುಟ್ಟುತ್ತದೆ.

ಮೊದಲು ಅಲ್ಲಿನ ಕಟ್ಟಳೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಐಪಿಎಲ್‌ನಲ್ಲಿ ಆಟಗಾರರ ಹರಾಜು ನಡೆಯುತ್ತದೆ. ಹಣ ಹೆಚ್ಚು ಕೂಗಿದವರಿಗೆ ಆಟಗಾರ. ಎನ್‌ಬಿಎಯಲ್ಲಿ ಹಾಗಲ್ಲ. ಹೊಸದಾಗಿ ಬರುವ ತರುಣರನ್ನು 30 ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಹೀನಾಯವಾಗಿ ಸೋತ ತಂಡಕ್ಕೆ ಮುಂದಿನ ಸರದಿ ಸಿಗುವ ಸಂಭವ ಹೆಚ್ಚು. 1985ರಿಂದ ಅದನ್ನು ಲಾಟರಿಯ ಮೂಲಕ ನಿರ್ಧರಿಸುತ್ತಾರೆ. ಬಡವನಿಗೆ ಮೊದಲ ತುತ್ತು ಎಂಬ ನ್ಯಾಯ. ತಂಡಗಳು ಆಟಗಾರರನ್ನಷ್ಟೇ ಅಲ್ಲ, ಈ ಸರದಿಗಳನ್ನೂ ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು, ಅದೂ ಹಲವು ವರ್ಷ ಮುಂಚಿತವಾಗಿ. ಇನ್ನೂ ಬಿತ್ತದ ಹೊಲದ ಬೆಳೆಯನ್ನು ಈಗಲೇ ಬರೆದುಕೊಟ್ಟ ಹಾಗೆ. ಇನ್ನೊಂದು ಮಾತು: ಆಟಗಾರರ ಸಂಬಳದ ಒಟ್ಟು ಮೊತ್ತ ಒಂದು ಮಿತಿಯನ್ನು ದಾಟಿದರೆ ಮಾಲೀಕರು ದಂಡದ ರೂಪದಲ್ಲಿ ಭಾರೀ ತೆರಿಗೆ ಕಟ್ಟಬೇಕು. ಈ ವಂಶಾವಳಿ ಆರಂಭವಾಗುವುದು ಆ ತೆರಿಗೆಯಿಂದಲೇ.

2007ರ ಜೂನ್‌ನಲ್ಲಿ ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡಕ್ಕೆ ಸ್ಯಾಮ್ ಪ್ರೆಸ್ಟಿ ಎಂಬವರು ಜನರಲ್ ಮ್ಯಾನೇಜರ್ ಆಗಿ ಬಂದರು. ವಯಸ್ಸು ಮೂವತ್ತರ ಆಸುಪಾಸು. ಬಂದ ತಿಂಗಳಲ್ಲೇ ತಂಡದ ದೊಡ್ಡ ತಾರೆ ರೇ ಆ್ಯಲನ್ ಅವರನ್ನು ಬಾಸ್ಟನ್ನಿಗೆ ಕೊಟ್ಟರು, ಡ್ರಾಫ್ಟ್‌ನ ಎರಡನೆಯ ಸರದಿಯಲ್ಲಿ ಕೆವಿನ್ ಡ್ಯುರಾಂಟ್ ಎಂಬ ತರುಣನನ್ನು ಆರಿಸಿಕೊಂಡರು. ಪತ್ರಿಕೆಗಳೆಲ್ಲ ಅದರ ಬಗ್ಗೆ ಬರೆದವು. ಜುಲೈನಲ್ಲಿ ನಡೆದ ಇನ್ನೊಂದು ಸಣ್ಣ ವ್ಯವಹಾರಕ್ಕೆ ಅಷ್ಟು ಗಮನ ಸಿಗಲಿಲ್ಲ. ಫೀನಿಕ್ಸ್ ಸನ್ಸ್ ತಂಡಕ್ಕೆ ತೆರಿಗೆಯ ಹೊರೆ ಇಳಿಸಿಕೊಳ್ಳಬೇಕಿತ್ತು. 34 ವರ್ಷದ ಕರ್ಟ್ ಥಾಮಸ್ ಅವರ ಸಂಬಳವನ್ನು ಹೊತ್ತುಕೊಳ್ಳುವವರಿಗೆ ಮೊದಲ ಸುತ್ತಿನ ಎರಡು ಸರದಿಗಳನ್ನೇ ಕಾಣಿಕೆಯಾಗಿ ಕೊಡಲು ಅದು ಸಿದ್ಧವಿತ್ತು. ಪ್ರೆಸ್ಟಿ ಹೊರೆಯನ್ನೂ ಕಾಣಿಕೆಯನ್ನೂ ಒಟ್ಟಿಗೆ ತೆಗೆದುಕೊಂಡರು. ಆ ಸರದಿಗಳಲ್ಲಿ ಒಂದು 2008ರ ಡ್ರಾಫ್ಟ್‌ನಲ್ಲಿ 24ನೆಯದಾಗಿ ಬಂತು. ಅದರಲ್ಲಿ ಆರಿಸಿದ್ದು ಕಾಂಗೋ ಗಣರಾಜ್ಯದ ಬ್ರಾಜವಿಲ್‌ನಲ್ಲಿ ಹುಟ್ಟಿದ 18 ವರ್ಷದ ಸರ್ಜ್ ಇಬಾಕ ಅವರನ್ನು.

ಡ್ರಾಫ್ಟ್ ಮುಗಿದ ಒಂದೇ ವಾರದಲ್ಲಿ ಸಿಯಾಟಲ್ ತನ್ನ ತಂಡವನ್ನೇ ಕಳೆದುಕೊಂಡಿತು. 1967ರಿಂದ ಅಲ್ಲಿ ಆಡಿ 1979ರಲ್ಲಿ ಪ್ರಶಸ್ತಿಯನ್ನೂ ತಂದುಕೊಟ್ಟಿದ್ದ ತಂಡವನ್ನು 2006ರಲ್ಲಿ ಸ್ಟಾರ್‌ಬಕ್ಸ್ ಕಾಫಿಯ ಹೊವರ್ಡ್ ಶುಲ್ಟ್ಜ್ ಅವರಿಂದ ಓಕ್ಲಹೋಮದ ಉದ್ಯಮಿಗಳು ಕೊಂಡಿದ್ದರು. ಹೊಸ ಕ್ರೀಡಾಂಗಣದ ವಿಷಯದಲ್ಲಿ ನಗರದೊಡನೆ ಜಗಳ ನಡೆದು, ಕೋರ್ಟು ಕಟ್ಟೆ ಹತ್ತಿ, 2008ರ ಜುಲೈ 2ರಂದು ರಾಜಿಯಾಯಿತು. ತಂಡ ಓಕ್ಲಹೋಮಕ್ಕೆ ಹೊರಟಿತು. ಸೂಪರ್‌ಸಾನಿಕ್ಸ್ ಎಂಬ ಹೆಸರು, ಹಸಿರು–ಹಳದಿ ಬಣ್ಣ ಸಿಯಾಟಲ್ಲಿಗೇ ಉಳಿದವು. ಊರವರು ತಮ್ಮ ಮಕ್ಕಳಿಗೆ ತೋರಿಸಲು ಆಟಗಾರರು ಮಾತ್ರ ಉಳಿಯಲಿಲ್ಲ. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದಿರಬಹುದು. ನಲವತ್ತೊಂದು ಋತು ಟಿಕೆಟ್ ಕೊಂಡ ಊರಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಪಡೆದ ಊರಿನ ಕಥೆಯೂ ಹಗುರವಲ್ಲ. 1995ರ ಏಪ್ರಿಲ್ 19ರಂದು ಓಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡವೊಂದರ ಮುಂದೆ ಬಾಂಬು ಸಿಡಿದು 168 ಮಂದಿ ಸತ್ತರು. ತಂಡಕ್ಕೆ ಹೊಸಬರು ಯಾರೇ ಬರಲಿ, ಅವರನ್ನು ಆ ಸ್ಮಾರಕಕ್ಕೆ ಕರೆದೊಯ್ಯುವ ಪದ್ಧತಿಯನ್ನು ಪ್ರೆಸ್ಟಿ ಇಟ್ಟುಕೊಂಡಿದ್ದಾರೆ. ಇತಿಹಾಸದ ಮೇಷ್ಟ್ರಾದ ನನಗೆ ಅವರ ಯಾವ ವ್ಯವಹಾರಕ್ಕಿಂತಲೂ ಇದು ಹೆಚ್ಚು ಮೆಚ್ಚುಗೆಯಾಯಿತು.

ಮುಂದಿನದು ಬಹುಮಂದಿ ಬಲ್ಲ ಕಥೆ. ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಜೇಮ್ಸ್ ಹಾರ್ಡನ್ ಮೂವರೂ ಡ್ರಾಫ್ಟ್ ಮೂಲಕವೇ ಬಂದ ತರುಣರು. ಮೂವರೂ ಮುಂದೆ ಲೀಗಿನ ಅತ್ಯುತ್ತಮ ಆಟಗಾರರೆನಿಸಿಕೊಂಡವರು. ಇಬಾಕ ಅವರೂ ಸೇರಿ 2012ರಲ್ಲಿ ತಂಡ ಅಂತಿಮ ಸರಣಿಯನ್ನು ತಲುಪಿ ಮಯಾಮಿಯೆದುರು 4–1ರಿಂದ ಸೋತಿತು. ಅದೇ ಅಕ್ಟೋಬರಿನಲ್ಲಿ ಸಂಬಳದ ಲೆಕ್ಕ ಕೂಡಿಬಾರದೆ ಹಾರ್ಡನ್ ಅವರನ್ನು ಹ್ಯೂಸ್ಟನ್ನಿಗೆ ಕೊಟ್ಟರು. ಅಂದು ಫೀನಿಕ್ಸ್‌ನವರು ಮಾಡಿದ ಉಳಿತಾಯವನ್ನೇ ಈಗ ಇವರೂ ಮಾಡಿದರು. 2016ರಲ್ಲಿ ಡ್ಯುರಾಂಟ್ ತಮ್ಮನ್ನು ಸೋಲಿಸಿದ ಗೋಲ್ಡನ್ ಸ್ಟೇಟ್ ತಂಡಕ್ಕೇ ಹೊರಟುಹೋದರು. ಅಂಥ ಮೂವರಿದ್ದೂ ಒಂದು ಪ್ರಶಸ್ತಿ ಬರಲಿಲ್ಲ.

ನಮ್ಮ ಗೆರೆ ಸಾಗುವುದು ಆ ಮೂವರಿಂದಲ್ಲ, ಇಬಾಕ ಅವರಿಂದ. 2016ರ ಜೂನ್‌ನಲ್ಲಿ ಅವರನ್ನು ಒರ್ಲ್ಯಾಂಡೊ ತಂಡಕ್ಕೆ ಕೊಟ್ಟು ವಿಕ್ಟರ್ ಒಲಡಿಪೊ, ಡೊಮಾಂಟಸ್ ಸಬೋನಿಸ್ ಮೊದಲಾದವರನ್ನು ತಂದರು. ಮರುವರ್ಷ ಈ ಇಬ್ಬರನ್ನು ಇಂಡಿಯಾನಾಕ್ಕೆ ಕೊಟ್ಟು ಪಾಲ್ ಜಾರ್ಜ್ ಅವರನ್ನು ತಂದರು. ಇನ್ನೆರಡು ವರ್ಷಕ್ಕೆ, 2019ರ ಜುಲೈನಲ್ಲಿ, ಬೇರು ಕೊಂಬೆಗಳೆಲ್ಲ ಒಂದಕ್ಕೊಂದು ತೊಡರಿಕೊಂಡವು. ಟೊರಾಂಟೊ ತಂಡಕ್ಕೆ ಆಗತಾನೆ ಪ್ರಶಸ್ತಿ ತಂದುಕೊಟ್ಟಿದ್ದ ಕವಾಯ್ ಲೆನರ್ಡ್ ಅವರು ಲಾಸ್ ಏಂಜಲೀಸ್ ಕ್ಲಿಪರ್ಸ್ ತಂಡಕ್ಕೆ ಬರಲು ಒಪ್ಪಿದರು, ಆದರೆ ಜೊತೆಗೆ ಪಾಲ್ ಜಾರ್ಜ್ ಇರಬೇಕು. ಜಾರ್ಜ್ ಅವರೂ ಹೋಗಲು ಬಯಸಿದರು. ಕ್ಲಿಪರ್ಸ್‌ನವರ ಅವಸರ ಪ್ರೆಸ್ಟಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಪಡೆದ ಬೆಲೆ: ಮೊದಲ ಸುತ್ತಿನ ಐದು ಸರದಿಗಳು, ಇನ್ನೆರಡು ವರ್ಷ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು, ಅನುಭವಿ ಡ್ಯಾನಿಲೊ ಗಲ್ಲಿನಾರಿ, ಮತ್ತು ಇನ್ನೂ 21 ತುಂಬದ ಶೇ ಗಿಲ್ಜಸ್-ಅಲೆಕ್ಸಾಂಡರ್. ಲೆನರ್ಡ್ ಅವರೊಡನೆ ಟೊರಾಂಟೊದಲ್ಲಿ ಪ್ರಶಸ್ತಿ ಗೆದ್ದವರಲ್ಲಿ ನಮ್ಮ ಸರ್ಜ್ ಇಬಾಕ ಕೂಡ ಒಬ್ಬರೆಂಬುದು ಈ ವಂಶಾವಳಿಯ ತಮಾಷೆ.

ಶೇ ಕೆನಡಾದ ತರುಣ; ತಾಯಿ 1992ರ ಒಲಿಂಪಿಕ್ಸ್‌ನಲ್ಲಿ ಆಂಟಿಗಾ ಮತ್ತು ಬಾರ್ಬುಡಾ ದೇಶದ ಪರವಾಗಿ 400 ಮೀಟರ್ ಓಡಿದವರು. ಆ ವ್ಯವಹಾರದ ದಿನ ಜನ ಮಾತಾಡಿದ್ದು ಐದು ಸರದಿಗಳ ಬಗ್ಗೆ. ಹುಡುಗನ ಹೆಸರು ಅವುಗಳ ನೆರಳಿನಲ್ಲಿತ್ತು. ಅದೇ ತಿಂಗಳು ಹನ್ನೊಂದು ಋತು ದುಡಿದ ವೆಸ್ಟ್‌ಬ್ರೂಕ್ ಅವರನ್ನೂ ಹ್ಯೂಸ್ಟನ್ನಿಗೆ ಕಳುಹಿಸಿ, ಕ್ರಿಸ್ ಪಾಲ್ ಅವರ ಜೊತೆಗೆ ಮತ್ತಷ್ಟು ಸರದಿಗಳನ್ನು ಗಂಟುಹಾಕಿಕೊಂಡರು.

ಇನ್ನು ಸೋಲಿನ ವರ್ಷಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಗೆದ್ದ ಮೇಲೆ ಬರೆಯುವವರೆಲ್ಲ ಈ ಪುಟವನ್ನು ಬೇಗ ಮಗುಚುತ್ತಾರೆ. 2020–21ರಲ್ಲಿ 22 ಗೆಲುವು, 50 ಸೋಲು. ಮರುವರ್ಷ 24 ಗೆಲುವು, 58 ಸೋಲು. 2021ರ ಮಾರ್ಚ್ ತಿಂಗಳಲ್ಲಿ, ಗಾಯವೇನೂ ಇಲ್ಲದಿದ್ದ ಹಿರಿಯ ಆಟಗಾರ ಆಲ್ ಹಾರ್ಫರ್ಡ್ ಅವರನ್ನು ಎಳೆಯರಿಗೆ ಅವಕಾಶ ಕೊಡುವ ಕಾರಣ ಹೇಳಿ ಉಳಿದ ಋತುವಿಗೆಲ್ಲ ಕೂರಿಸಿದರು. 2021ರ ಡಿಸೆಂಬರ್ 2ರಂದು ಗಾಯಾಳು ಶೇ ಇಲ್ಲದೆ ಆಡಿದ ತಂಡ ಮೆಂಫಿಸ್‌ನೆದುರು 152–79ರಿಂದ ಸೋತಿತು. 73 ಅಂಕಗಳ ಅಂತರ! ಎನ್‌ಬಿಎ ಇತಿಹಾಸದಲ್ಲೇ ಅಷ್ಟು ದೊಡ್ಡ ಸೋಲು ಅದುವರೆಗೆ ಆಗಿರಲಿಲ್ಲ. ಸೋತಷ್ಟೂ ಸರದಿ ಮುಂದೆ ಬರುವ ಪದ್ಧತಿಯಲ್ಲಿ, ಗೆಲ್ಲಬೇಕೆಂಬ ಆತುರ ಯಾರಿಗೂ ಇರುವುದಿಲ್ಲ. ಬಡವನಿಗಾಗಿ ಮಾಡಿದ ನ್ಯಾಯವನ್ನು ಬಡವನ ವೇಷ ಹಾಕಿ ಪಡೆಯುವುದು ಇದು. ಮೈದಾನದಲ್ಲಿದ್ದ ಹುಡುಗರು ಪ್ರಾಮಾಣಿಕವಾಗಿಯೇ ಬೆವರು ಸುರಿಸಿದರು; ಲೆಕ್ಕ ಹಾಕಿದವರು ಮೇಲಿನ ಕೋಣೆಯಲ್ಲಿದ್ದವರು. ಟಿಕೆಟ್ ಕೊಂಡು ಬಂದವನಿಗೆ ಆ ಎರಡು ವರ್ಷ ಸಿಕ್ಕಿದ್ದು ಭವಿಷ್ಯದ ಆಶ್ವಾಸನೆ ಮಾತ್ರ. ಹೀಗೆ ಸೋತು ಸೋತು ಎಂದೂ ಮೇಲೇಳದ ತಂಡಗಳೂ ಉಂಟು. ಗೆದ್ದ ಒಂದನ್ನು ನೋಡಿ ಪದ್ಧತಿಗೆ ಪ್ರಮಾಣಪತ್ರ ಕೊಡಲು ನಾನು ಒಪ್ಪಲಾರೆ.

ಆದರೂ, ಆ ವರ್ಷಗಳಲ್ಲಿ ನಡೆದ ಇನ್ನೊಂದು ಕೆಲಸವನ್ನು ಮೇಷ್ಟ್ರಾಗಿ ನಾನು ಗುರುತಿಸಲೇಬೇಕು. ತಂಡದ ಕಿರಿಯರ ಶಾಖೆಯಾದ ಓಕ್ಲಹೋಮ ಸಿಟಿ ಬ್ಲೂನಲ್ಲಿ ಹಿಂದೆ ತರಬೇತಿ ನೀಡಿದ್ದ ಮಾರ್ಕ್ ಡೇಗ್ನಾಲ್ಟ್ ಅವರನ್ನು 2020ರಲ್ಲಿ, 35ನೆಯ ವಯಸ್ಸಿನಲ್ಲಿ, ಮುಖ್ಯ ತರಬೇತುದಾರರನ್ನಾಗಿ ಮಾಡಿದರು. ಎರಡು ವರ್ಷ ಸೋತರೂ ಅವರನ್ನು ತೆಗೆಯಲಿಲ್ಲ. 2019ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಲುಗೆಂಟ್ಸ್ ಡೋರ್ಟ್, 2021ರಲ್ಲಿ 55ನೆಯವರಾಗಿ ಬಂದ ಆ್ಯರನ್ ವಿಗಿನ್ಸ್, ಇಂಥವರಿಗೆ ತಪ್ಪುತ್ತ ಕಲಿಯಲು ಸಮಯ ಸಿಕ್ಕಿತು. ಪಾಠ ಒಪ್ಪಿಸಲಾರದ ಹುಡುಗನನ್ನು ಹಿಂದಿನ ಬೆಂಚಿಗೆ ತಳ್ಳದೆ ಮತ್ತೆ ಮತ್ತೆ ಎಬ್ಬಿಸಿ ನಿಲ್ಲಿಸಿದ ಹಾಗೆ.

2022ರಲ್ಲಿ ಫಸಲು ಬಂತು. ಸ್ವಂತ ಸೋಲಿನ ಫಲವಾಗಿ ಸಿಕ್ಕ ಎರಡನೆಯ ಸರದಿಯಲ್ಲಿ ಚೆಟ್ ಹೋಮ್‌ಗ್ರೆನ್ ಬಂದರು. ಕ್ಲಿಪರ್ಸ್ ಬರೆದುಕೊಟ್ಟಿದ್ದ ಸರದಿ 12ನೆಯದಾಗಿ ಬಿದ್ದು, ಅದರಲ್ಲಿ ಸ್ಯಾಂಟಾ ಕ್ಲಾರಾ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜು ತಂಡದ ಜೇಲನ್ ವಿಲಿಯಮ್ಸ್ ಬಂದರು. ಹೋಮ್‌ಗ್ರೆನ್ ಆ ಆಗಸ್ಟಿನಲ್ಲೇ ಒಂದು ಖಾಸಗಿ ಪಂದ್ಯದಲ್ಲಿ ಪಾದಕ್ಕೆ ಗಾಯ ಮಾಡಿಕೊಂಡು ಇಡೀ ಋತು ಕಳೆದುಕೊಂಡರು. ಆ ಪಂದ್ಯ ನಡೆದದ್ದು ಸಿಯಾಟಲ್‌ನಲ್ಲಿ! ಗೆಲುವುಗಳು 40ಕ್ಕೆ, ಆಮೇಲೆ 57ಕ್ಕೆ ಏರಿದವು. 2024ರಲ್ಲಿ ತಾವೇ ಬೆಳೆಸಿದ ಆಸ್ಟ್ರೇಲಿಯಾದ ಜಾಶ್ ಗಿಡ್ಡಿ ಅವರನ್ನು ಶಿಕಾಗೋಗೆ ಕೊಟ್ಟು ಅಲೆಕ್ಸ್ ಕರೂಸೊ ಅವರನ್ನು ತಂದರು. ಕರೂಸೊ ಒಂದು ಕಾಲಕ್ಕೆ ಇದೇ ಊರಿನ ಬ್ಲೂ ತಂಡದಲ್ಲಿ ಆಡಿ ಹೋಗಿದ್ದವರು. ಬೆಳೆಸಿದ ಹುಡುಗನನ್ನು ಬಿಟ್ಟುಕೊಡುವ ಗಟ್ಟಿತನವೂ ಈ ವಿದ್ಯೆಯ ಭಾಗವೇ ಇರಬೇಕು. ನನಗಾದರೆ ಕೈ ಬರುತ್ತಿರಲಿಲ್ಲ.

ಈಗ ವಂಶಾವಳಿಯ ಇನ್ನೊಂದು ಕೊಂಬೆ. ಜಾರ್ಜ್ ಅವರಿಗೆ ಬದಲಾಗಿ ಇಂಡಿಯಾನಾಕ್ಕೆ ಹೋಗಿದ್ದ ಸಬೋನಿಸ್ ನೆನಪಿರಲಿ. 2019ರ ಅಕ್ಟೋಬರಿನಲ್ಲಿ ಎನ್‌ಬಿಎ ಮೊದಲ ಬಾರಿಗೆ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಎರಡು ಪ್ರದರ್ಶನ ಪಂದ್ಯ ಆಡಿದ್ದು ಇದೇ ಇಂಡಿಯಾನಾ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು. ಕಿಂಗ್ಸ್‌ನ ಒಡೆತನವಾದರೂ ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಮುಂದಾಳತ್ವದ್ದು. 2022ರ ಫೆಬ್ರವರಿಯಲ್ಲಿ ಈ ಎರಡು ತಂಡಗಳೇ ವಿನಿಮಯಕ್ಕೆ ಇಳಿದವು. ಸಬೋನಿಸ್ ಸ್ಯಾಕ್ರಮೆಂಟೊಗೆ, ಅಲ್ಲಿಂದ 21 ವರ್ಷದ ಟೈರೀಸ್ ಹ್ಯಾಲಿಬರ್ಟನ್ ಇಂಡಿಯಾನಾಕ್ಕೆ.

ಹೀಗೆ 2025ರ ಅಂತಿಮ ಸರಣಿಯಲ್ಲಿ ಎದುರುಬದುರಾಗಿ ನಿಂತ ಎರಡು ತಂಡಗಳ ನಾಯಕಮಣಿಗಳೂ 2017ರ ಒಂದೇ ವ್ಯವಹಾರದಿಂದ ಒಡೆದ ಎರಡು ಕವಲುಗಳು. ದಾಯಾದಿಗಳ ಯುದ್ಧವೆನ್ನಲು ಅಡ್ಡಿಯಿಲ್ಲ. ಮೊದಲ ಪಂದ್ಯದಲ್ಲಿ ಸೆಕೆಂಡಿನ ಹತ್ತನೆಯ ಮೂರು ಭಾಗ ಉಳಿದಿರುವಾಗ ಹ್ಯಾಲಿಬರ್ಟನ್ ಚೆಂಡು ಬುಟ್ಟಿಗೆ ಸೇರಿಸಿ 111–110ರಿಂದ ಗೆಲ್ಲಿಸಿದರು. ಐದನೆಯದರಲ್ಲಿ ಜೇಲನ್ ವಿಲಿಯಮ್ಸ್ 40 ಅಂಕ ಗಳಿಸಿದರು. ಏಳನೆಯದರ ಮೊದಲ ಕಾಲುಭಾಗದಲ್ಲೇ ಹ್ಯಾಲಿಬರ್ಟನ್ ಅವರ ಹಿಮ್ಮಡಿಯ ನರ ಹರಿದು, ಅವರು ನೆಲಕ್ಕೆ ಕೈ ಬಡಿಯುತ್ತ ಬಿದ್ದರು. ಶೇ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಜೊತೆಗೆ ಅಂತಿಮ ಸರಣಿಯ ಪ್ರಶಸ್ತಿಯನ್ನೂ ಪಡೆದರು. 1977ರ ಪೋರ್ಟ್‌ಲ್ಯಾಂಡ್ ತಂಡದ ನಂತರ ಇಷ್ಟು ಎಳೆಯ ತಂಡ ಗೆದ್ದಿರಲಿಲ್ಲ.

ಆ ಅವಸರದ ಕ್ಲಿಪರ್ಸ್ ಒಮ್ಮೆಯೂ ಅಂತಿಮ ಸರಣಿ ಕಾಣದೆ, 2024ರಲ್ಲಿ ಪಾಲ್ ಜಾರ್ಜ್ ಅವರನ್ನು ಬದಲಿಗೆ ಯಾರನ್ನೂ ಪಡೆಯದೆ ಕಳೆದುಕೊಂಡಿತು. ಕರ್ಟ್ ಥಾಮಸ್ ಅವರು ಸಿಯಾಟಲ್‌ನಲ್ಲಿ ಇದ್ದದ್ದು ಕೆಲವೇ ತಿಂಗಳು. 2008ರ ಫೆಬ್ರವರಿಯಲ್ಲಿ ಅವರನ್ನು ಸ್ಯಾನ್ ಆ್ಯಂಟೋನಿಯೊಗೆ ಸಾಗಹಾಕಿದ್ದರು. ಸಿಯಾಟಲ್ ಆರಿಸಿದ ಇಬಾಕ ಅವರಂತೂ ಸಿಯಾಟಲ್ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.