ಮಹದೇಶ್ವರನ ಮಲೆಗಳೂ ಲ್ಯಾಂಬ್ಟನ್ನನ ಕೋನಮಾಪಕವೂ

ಬೆಂಗಳೂರಿನಿಂದ ನೇರ ದಕ್ಷಿಣಕ್ಕೆ ಗೆರೆಯೊಂದನ್ನು ಎಳೆದರೆ, ಅದು ಸುಮಾರು ಒಂದು ಅಕ್ಷಾಂಶದ ದೂರ ಸಾಗಿ ಮಲೆ ಮಹದೇಶ್ವರ ಬೆಟ್ಟದ ಆಸುಪಾಸನ್ನು ಮುಟ್ಟುತ್ತದೆ. ಯಾತ್ರಿಕನಿಗೆ ಇದರಿಂದ ಪ್ರಯೋಜನವಿಲ್ಲ. ಆತನ ದಾರಿ ಕೊಳ್ಳೇಗಾಲ, ಹನೂರು, ತಾಳುಬೆಟ್ಟಗಳ ಮೂಲಕ ಬಳಸಿ ಬರುತ್ತದೆ. ಆದರೆ ಭಾರತದ ಭೂಮಾಪನದ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ಗೆರೆ ಬಹು ಮುಖ್ಯವಾದುದು. ಅದರ ಅರ್ಥವನ್ನೂ, ಅದನ್ನು ಸಾಧ್ಯವಾಗಿಸಿದ ಉಪಕರಣಗಳ ಸ್ವರೂಪವನ್ನೂ ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಎರಡು ಬಗೆಯ ಮೋಜಣಿ ಆರಂಭವಾಯಿತು. ಕಾಲಿನ್ ಮೆಕೆಂಜಿಯದು ಊರು, ಕೆರೆ, ಕೋಟೆ, ಗಡಿಗಳ ವಿವರವನ್ನು ಬಯಸಿತು. ಕಾವಲಿ ವೆಂಕಟ ಬೋರಯ್ಯನಂತಹ ದೇಶೀಯ ವಿದ್ವಾಂಸರ ನೆರವಿನಿಂದ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿತು. ವಿಲಿಯಂ ಲ್ಯಾಂಬ್ಟನ್ನನ ಉದ್ದೇಶ ಬೇರೆ. ಪರ್ಯಾಯ ದ್ವೀಪದ ಸ್ಥಾನಗಳನ್ನು ಗಣಿತದಿಂದ ಸ್ಥಿರಪಡಿಸುವುದು, ಅದರೊಡನೆ ಭೂಮಿಯ ಆಕಾರವನ್ನೇ ಅಳೆಯುವುದು ಆತನ ಸಂಕಲ್ಪವಾಗಿತ್ತು.

ಅದುವರೆಗೆ ದಾರಿಯ ದೂರವನ್ನು ಬಹುವಾಗಿ ಚಕ್ರವನ್ನು ಉರುಳಿಸಿ ಎಣಿಸುತ್ತಿದ್ದರು. ಬಯಲಿನಲ್ಲಿ ಇದು ಒಪ್ಪತಕ್ಕ ವಿಧಾನ. ಮಲೆಯಲ್ಲಿ ಮಾತ್ರ ದಾರಿ ಸುತ್ತಿದಷ್ಟೂ ದೂರ ಹಿಗ್ಗುತ್ತದೆ. ತ್ರಿಕೋನ ಮೋಜಣಿ ಈ ತೊಡಕನ್ನು ನಿವಾರಿಸಿತು. ಸಮತಟ್ಟಾದ ನೆಲದಲ್ಲಿ ಒಂದು ಆಧಾರರೇಖೆಯನ್ನು ಅತ್ಯಂತ ಎಚ್ಚರದಿಂದ ಅಳೆದರೆ ಸಾಕು. ಅನಂತರ ಶಿಖರದಿಂದ ಶಿಖರಕ್ಕೆ ಕೋನಗಳನ್ನು ನೋಡಿ, ಉಳಿದ ಭುಜಗಳನ್ನು ಲೆಕ್ಕದಿಂದ ಪಡೆಯಬಹುದು. ಚಕ್ರಕ್ಕೆ ಅಡ್ಡಿಯಾಗಿದ್ದ ಬೆಟ್ಟವೇ ದೂರದರ್ಶಕಕ್ಕೆ ಪೀಠವಾಯಿತು.

ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಳಿ ಮೊದಲನೆಯ ಆಧಾರರೇಖೆಯನ್ನು ಅಳೆದನು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ೪೦,೦೦೦ ಅಡಿಗಳಿಗೂ ತುಸು ಹೆಚ್ಚಿನ ಇನ್ನೊಂದು ರೇಖೆಯನ್ನು ಅಳೆದನು. ನೂರಡಿಯ ಉಕ್ಕಿನ ಸರಪಣಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಉಷ್ಣಮಾಪಕಗಳನ್ನು ನೋಡಿ, ಬಿಸಿಲಿಗೆ ಲೋಹ ಹಿಗ್ಗಿದ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಕೋನಗಳನ್ನು ನೋಡಲು ಲಂಡನ್ನಿನ ವಿಲಿಯಂ ಕ್ಯಾರಿ ನಿರ್ಮಿಸಿದ ದೊಡ್ಡ ಕೋನಮಾಪಕ, ಎಂದರೆ ಥಿಯೊಡೊಲೈಟ್, ಬಂದಿತು. ಇದರ ಅಡ್ಡಚಕ್ರದ ವ್ಯಾಸ ಮೂರು ಅಡಿ. ತೂಕ ಸುಮಾರು ಅರ್ಧ ಟನ್ನು. ದೂರದರ್ಶಕದೊಳಗಿನ ಅಡ್ಡಗೆರೆಗಳನ್ನು ದೂರದ ಗುರುತಿಗೆ ಸರಿಹೊಂದಿಸಿ, ಚಕ್ರದ ಅಂಚಿನ ಅಂಶಗಳನ್ನು ಸೂಕ್ಷ್ಮದರ್ಶಕಗಳಿಂದ ಓದಬೇಕಾಗಿತ್ತು. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರು ಹಡಗನ್ನು ಹಿಡಿದು ಈ ಯಂತ್ರವನ್ನು ಮಾರಿಷಸ್ಸಿಗೆ ಒಯ್ದಿದ್ದರು. ಅದರ ವೈಜ್ಞಾನಿಕ ಉದ್ದೇಶವನ್ನು ಮನಗಂಡು ಮದರಾಸಿಗೆ ಕಳುಹಿಸಿಕೊಟ್ಟರು.

ಇಷ್ಟು ಭಾರದ ಯಂತ್ರವೇಕೆ ಎಂಬ ಪ್ರಶ್ನೆ ಸಹಜ. ಇಪ್ಪತ್ತು ಮೈಲಿ ದೂರದ ಶಿಖರವನ್ನು ನೋಡುವಾಗ ಕೋನದಲ್ಲಿ ಒಂದು ವಿಕಲೆಯಷ್ಟು, ಎಂದರೆ ಒಂದು ಅಂಶದ ೩,೬೦೦ನೆಯ ಒಂದು ಪಾಲಿನಷ್ಟು ತಪ್ಪಾದರೆ, ಆ ಶಿಖರದ ಸ್ಥಾನ ಸುಮಾರು ಆರು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಒಂದು ತ್ರಿಕೋನದ ತಪ್ಪು ಮುಂದಿನದಕ್ಕೆ ದಾಟುವುದರಿಂದ ಆರಂಭದಲ್ಲಿಯೇ ಸೂಕ್ಷ್ಮತೆ ಅವಶ್ಯಕ. ಚಕ್ರ ದೊಡ್ಡದಾದಷ್ಟೂ ಅದರ ಅಂಚಿನಲ್ಲಿ ಗೆರೆಗಳು ವಿರಳವಾಗುತ್ತವೆ, ಓದು ನಿಖರವಾಗುತ್ತದೆ.

ಈ ವಿಧಾನದ ಫಲ ಬೇಗನೆ ಕಾಣಿಸಿತು. ಮದರಾಸಿಗೂ ಮಂಗಳೂರಿಗೂ ನಡುವೆ ಸುಮಾರು ೪೦೦ ಮೈಲಿಯೆಂದು ತಿಳಿದಿದ್ದ ದೂರ ೩೬೦ ಮೈಲಿಯೆಂದು ಸಿದ್ಧವಾಯಿತು. ಅನಂತರ ಬೆಂಗಳೂರಿನಿಂದ ದಕ್ಷಿಣೋತ್ತರವಾದ ಸರಣಿ ಕನ್ಯಾಕುಮಾರಿಯತ್ತ ಹೊರಟು, ೧೮೦೯ರ ವೇಳೆಗೆ ಭೂಶಿರದ ಸಮೀಪವನ್ನು ಸೇರಿತು. ಬೆಂಗಳೂರಿನ ದೊಡ್ಡಗುಂಟ, ಕೊಯಮತ್ತೂರು ಸೀಮೆಯ ಪಚ್ಚಪಾಳ್ಯ ಇವು ಆತನು ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿರ್ಣಯಿಸಿದ ಠಾಣೆಗಳು. ಮೊದಲನೆಯದು ೧೩°ಕ್ಕೂ ಎರಡನೆಯದು ೧೧°ಕ್ಕೂ ತೀರ ಹತ್ತಿರ. ೧೨°ಯ ಸಮೀಪದ ಮಹದೇಶ್ವರನ ಮಲೆಗಳು ಇವೆರಡರ ಹೆಚ್ಚುಕಡಿಮೆ ನಟ್ಟನಡುವೆ ಇವೆ. ಆಕಾಶದಲ್ಲಿ ಎರಡು ಅಂಶವೆಂದು ಕಂಡುದು ನೆಲದ ಮೇಲೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಈ ಬೆಟ್ಟಸಾಲನ್ನು ದಾಟಿಯೇ ಬರಬೇಕಾಗಿತ್ತು.

ಆದರೆ ಅಳತೆಯ ನೆಲ ರಾಜಕೀಯದ ನೆಲವೂ ಆಗಿದ್ದಿತು. ೧೭೯೯ರ ವಿಭಜನೆಯಲ್ಲಿ ಕೊಳ್ಳೇಗಾಲ ಕೊಯಮತ್ತೂರಿನೊಡನೆ ಕಂಪನಿಗೆ ಸೇರಿತು. ನೆರೆಯ ಯಳಂದೂರು ಮೈಸೂರಿನಲ್ಲಿಯೇ ಉಳಿದು, ೧೮೦೭ರಲ್ಲಿ ಪೂರ್ಣಯ್ಯನವರ ಜಹಗೀರಾಯಿತು. ಒಂದೇ ನುಡಿಯ, ಒಂದೇ ದೇವರ ಒಕ್ಕಲು ಎರಡು ಸರ್ಕಾರಗಳ ದಫ್ತರಗಳಲ್ಲಿ ಹಂಚಿಹೋಯಿತು. ಈ ಬೇರ್ಪಡೆ ೧೯೫೬ರ ನವೆಂಬರ್ ೧ರವರೆಗೆ ನಿಂತಿತು. ತ್ರಿಕೋನಗಳು ಈ ಗಡಿಯನ್ನು ಲಕ್ಷಿಸದೆ ದಾಟಿದವು. ಅವುಗಳ ಮೇಲೆ ಬರೆದ ನಕ್ಷೆಗಳಾದರೋ ಗಡಿಯನ್ನು ಗಟ್ಟಿಗೊಳಿಸಿದವು.

ಈ ಸೀಮೆಯ ಜನರಿಗೂ ತಮ್ಮದೇ ಆದ ಮಲೆಗಳ ಎಣಿಕೆ ಇದ್ದಿತು. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆಗಳ ಹೆಸರುಗಳನ್ನು ದೇವರಗುಡ್ಡರೂ ಕಂಸಾಳೆಯವರೂ ಹಾಡಿನಲ್ಲಿ ಉಳಿಸಿದ್ದಾರೆ. ಈ ಎಣಿಕೆ ಅಳತೆಯದಲ್ಲ, ನಡೆದವರ ನೆನಪಿನದು. ಕೋನಮಾಪಕ ಬೆಟ್ಟವನ್ನು ಒಂದು ಬಿಂದುವಾಗಿ ಕಂಡಿತು. ಹಾಡು ಅದನ್ನು ನೆಲೆಯಾಗಿ ಕಂಡಿತು. ಒಂದರಿಂದ ಮತ್ತೊಂದನ್ನು ಸುಳ್ಳೆನ್ನುವುದು ಚರಿತ್ರಕಾರನಿಗೆ ತಕ್ಕುದಲ್ಲ.

೧೮೦೮ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಈ ಮಹಾಯಂತ್ರ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ಆರು ವಾರ ಕುಳಿತು ಸೊಟ್ಟಗಾದ ಚಕ್ರವನ್ನು ತಿದ್ದಿದನು. ಆ ಶ್ರದ್ಧೆ ಪ್ರಶಂಸನೀಯವಾದುದೇ. ಆದರೆ ಅರ್ಧ ಟನ್ನಿನ ಭಾರವನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವರೂ, ಶಿಖರದಲ್ಲಿ ಬಾವುಟ ಹಿಡಿದು ಕಾದವರೂ ಹೆಸರಿಲ್ಲದೆ ಉಳಿದಿದ್ದಾರೆ. ಕೋನಗಳ ಕೋಷ್ಟಕಗಳನ್ನು ಓದುವ ವಿದ್ಯಾರ್ಥಿಗಳು ಪ್ರತಿಯೊಂದು ಅಂಕೆಯ ಹಿಂದೆಯೂ ಅಂತಹ ಒಂದು ಹತ್ತುವಿಕೆಯಿದೆಯೆಂಬುದನ್ನು ಗಮನದಲ್ಲಿಡಬೇಕೆಂದು ನಾವು ಭಾವಿಸುತ್ತೇವೆ.